ಕರಿಯಾ, ಬಾಯಿ ತೆಗಿ

ಮಾದಾಪುರದ ಹಳೇ ಎಸ್ಟೇಟ್ ಬಂಗಲೆಯೊಂದು ಈಗ ಹೋಂಸ್ಟೇ. ಅಲ್ಲಿ ಇನ್ವರ್ಟರ್ ರಿಪೇರಿ ಮಾಡುತ್ತಿದ್ದೆ. ಬೆನ್ನ ಹಿಂದೆ ಯಾರೋ "ಕರಿಯಾ, ಬಾಯಿ ತೆಗಿ" ಅಂದರು. ತಟ್ಟನೆ ತಿರುಗಿ "ಆಂ?" ಅಂದೆ.

ಯಜಮಾನರು ಅತಿಥಿಗಳಿಗೆ ಬ್ರಿಟಿಷರ ಕಾಲದ ಕಬ್ಬಿಣದ ಬೊಂಬೆ ತೋರಿಸುತ್ತಿದ್ದರು. ಕಪ್ಪು ಮುಖ, ಊದಿದ ಕೆಂಪು ತುಟಿ. ಕೈಯಲ್ಲಿ ನಾಣ್ಯವಿಟ್ಟರೆ ಗುಳುಂ ಎಂದು ನುಂಗುತ್ತದೆ. ನನ್ನ ಬಣ್ಣ ನೋಡಿ ಅತಿಥಿಗಳ ನಗು ಅರ್ಧಕ್ಕೇ ನಿಂತಿತು.

"ಅಯ್ಯೋ, ನಿಮಗಲ್ಲ ಮಾರಾಯ್ರೆ, ಬೊಂಬೆಗೆ ಹೇಳಿದ್ದು! ಹಳೇ ಕಾಲದ್ದು, ಈಗ ಇದಕ್ಕೆಲ್ಲ ಯಾರು ಬೇಜಾರು ಮಾಡ್ಕೊಳ್ತಾರೆ?"

ಬೇಜಾರಾಯಿತು. ಆದರೆ ಅದಕ್ಕೂ ಮೊದಲು ಅಜ್ಜಿ ನೆನಪಾಗಿದ್ದಳು. ತುತ್ತು ಹಿಡಿದು ನನ್ನನ್ನು ಹಾಗೇ ಕರೆಯುತ್ತಿದ್ದಳು. ಅವಳು ಹೋದ ಮೇಲೆ ಯಾರೂ ಕರೆದಿರಲಿಲ್ಲ.

ಬೊಂಬೆಯ ಬಾಯಿ ತೆರೆಯಲು ಬೆನ್ನಿನ ಗುಂಡಿ ಒತ್ತಬೇಕು. ನನ್ನದಕ್ಕೆ ಕರೆದದ್ದೇ ಸಾಕಾಯಿತು.