ಫ್ರೇಜ್ ಮಾವ ಕೊಟ್ಟ ಕಾರ್ಡು

ನನ್ನ ಸೋದರಮಾವ ಫ್ರೇಜ್ ನಲವತ್ತು ವರ್ಷ ನಮ್ಮ ಮರಳುಗಾಡಿನ ರಕ್ಷಿತ ಕಣಿವೆಯನ್ನು ಪ್ರವಾಸಿಗರಿಗೆ ತೋರಿಸಿದವನು. ಕೆಂಪು, ಹಳದಿ, ನೇರಳೆ ಪಟ್ಟೆಯ ಮರಳುಗಲ್ಲಿನ ಬಂಡೆಗಳಿಗೆ ತಾನೇ ಬಣ್ಣ ಬಳಿದವನ ಹಾಗೆ ಮಾತಾಡುತ್ತಿದ್ದ. ಜೀಪು ನನ್ನದು, ಬಾಯಿ ಅವನದು.

ಈ ವರ್ಷ ಮಾರ್ಗದರ್ಶಕರ ಕಾರ್ಡು ನವೀಕರಿಸಲು ರಾಜಧಾನಿ ಅಮ್ಮಾನಿನಿಂದ ಅಧಿಕಾರಿ ಬರುತ್ತಾರೆಂದು ಸುದ್ದಿ ಬಂತು. ಕಾರ್ಡಿಲ್ಲದವನು ಯಾರನ್ನೂ ಒಳಗೆ ಕರೆದೊಯ್ಯುವಂತಿಲ್ಲ. ಮಾವ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ.

ಬಂದ ನಿಜಾರ್ ಸಾಹೇಬರು ಹೊರದೇಶದಲ್ಲಿ ಬೆಳೆದ ಮೆದು ಮನುಷ್ಯ. ಮಾವ ಡೇರೆಯಲ್ಲಿ ಕೂರಿಸಿ ಏಲಕ್ಕಿ ಹಾಕಿದ ಕಹಿ ಕಾಫಿ ಕೊಟ್ಟ. ಅವರಿಗೆ ಹೊಟ್ಟೆಹುಣ್ಣು. ಹೇಳಲು ಸಂಕೋಚವಾಗಿ ಬಟ್ಟಲನ್ನು ಮೆಲ್ಲಗೆ ನೆಲಕ್ಕಿಟ್ಟರು.

ನಮ್ಮಲ್ಲಿ ಅತಿಥಿ ಕಾಫಿ ಮುಟ್ಟದೆ ನೆಲಕ್ಕಿಟ್ಟರೆ ಏನೋ ಬೇಡಲು ಬಂದಿದ್ದಾನೆಂದು ಅರ್ಥ. ಕೇಳಿದ್ದನ್ನು ಕೊಡುತ್ತೇನೆಂದು ಮಾತು ಕೊಡುವವರೆಗೂ ಅವನು ಕುಡಿಯುವುದಿಲ್ಲ. ಹಾಗೆ ಅವನನ್ನು ಕಳಿಸಿದರೆ ಮನೆಯ ಮಾನ ಮಣ್ಣುಪಾಲು.

"ಕುಡೀರಿ ಸಾಹೇಬ್ರೇ, ಕೊಟ್ಟೆ," ಅಂದ ಮಾವ.

"ಏನನ್ನ?"

"ಆ ಬಿಳಿ ಒಂಟೆ ಬೇಕಾ? ತಗೊಳ್ಳಿ."

"ಒಂಟೆ ಕಟ್ಕೊಂಡು ನಾನೇನ್ ಮಾಡ್ಲಿ ಯಜಮಾನ್ರೇ? ನಾನಿರೋದು ನಾಲ್ಕನೇ ಮಹಡೀಲಿ."

"ಹಾಗಾದ್ರೆ ಜೀಪು."

"ಮಾವ, ಅದು ನಂದು," ಅಂದೆ.

"ಸುಮ್ನಿರೋ. ಅತಿಥಿ ಬಾಯಾರಿ ಕೂತಿದಾರೆ."

ಸಾಹೇಬರು ಬೆವರತೊಡಗಿದರು. "ನನಗೆ ಏನೂ ಬೇಡ. ನಿಮ್ಮ ಕಾರ್ಡು ಒಂದು ಕೊಟ್ಬಿಡಿ ಸಾಕು. ಬಂದಿದ್ದೇ ಅದಕ್ಕೆ."

ಮಾವನ ಮುಖ ಬಿಳುಚಿಕೊಂಡಿತು. ಆದರೂ ಕಾರ್ಡನ್ನು ಎರಡೂ ಕೈಯಿಂದ ಕೊಟ್ಟ. ಕಾಟ ತಪ್ಪಿತೆಂದು ಸಾಹೇಬರು ಕಣ್ಮುಚ್ಚಿ ಕಾಫಿ ಕುಡಿದೇಬಿಟ್ಟರು. ಅಲ್ಲಿಗೆ ಕೊಟ್ಟಿದ್ದು ಖಾಯಂ ಆಯಿತು.

ವಾರ ಕಳೆಯಿತು. ಕಾರ್ಡಿಗೆ ಮುದ್ರೆ ಬಿದ್ದಿದೆ, ಮಾವ ಬಂದು ಒಯ್ಯಲಿ ಎಂದು ಸಾಹೇಬರು ನನಗೆ ಫೋನು ಮಾಡಿದರು.

"ಅದೀಗ ಅವರದು. ಕೊಟ್ಟಿದ್ದನ್ನ ವಾಪಸ್ ಕೇಳೋ ನಾಲಿಗೆ ನನಗಿಲ್ಲ," ಅಂದ ಮಾವ.

"ಅದರ ಮೇಲೆ ಅವರ ಫೋಟೋ ಇದೆಯಲ್ಲಪ್ಪಾ, ನಾನಿಟ್ಕೊಂಡು ಏನ್ ಮಾಡ್ಲಿ?" ಎಂದು ಸಾಹೇಬರು ನನ್ನ ಬಳಿ ಗೋಳಾಡಿದರು. ಕೊನೆಗೆ ನಾನೇ ಅಮ್ಮಾನಿಗೆ ಹೋಗಿ, ಸಾಹೇಬರ ಉಡುಗೊರೆ ಎಂದು ಹೇಳಿ ಮಾವನಿಗೆ ತಂದುಕೊಟ್ಟೆ.

"ನಾನು ಕೊಟ್ಟಿದ್ದು ಅವರಿಗೆ ಬೇಡವಾಯ್ತಾ? ಮುಖಕ್ಕೆ ಉಗಿದ ಹಾಗಾಯ್ತಲ್ಲೋ." ಕಾರ್ಡು ಮರಳಿಸಲು ಮಾವ ಅಂದೇ ನನ್ನನ್ನು ಮುನ್ನೂರು ಕಿಲೋಮೀಟರ್ ಹಿಂದಕ್ಕೆ ಓಡಿಸಿದ. ಅವನ ಹಟಕ್ಕೆ ನನಗೆ ಮೈ ಉರಿಯಿತು.

ಈಗ ಮಾವ ಬೆಳಿಗ್ಗೆ ಗೇಟಿನಲ್ಲಿ ಟಿಕೆಟು ಕೊಂಡು ಜೀಪಿನ ಹಿಂದಿನ ಸೀಟಿನಲ್ಲಿ ಪ್ರವಾಸಿಯಾಗಿ ಕೂರುತ್ತಾನೆ. ನನ್ನ ಹೆಸರಲ್ಲೊಂದು ಕಾರ್ಡು ಮಾಡಿಸಿಕೊಂಡು ನಾನೇ ಬಾಯಿ ಬಡಿದುಕೊಳ್ಳುತ್ತೇನೆ. ತಪ್ಪಿದರೂ ಅವನು ತಿದ್ದುವುದಿಲ್ಲ; ಕಾರ್ಡಿನ ಜೊತೆ ಬಾಯಿಯನ್ನೂ ಕೊಟ್ಟಾಯ್ತಂತೆ.

ನಿನ್ನೆ ಅವನನ್ನು ಕೆಣಕಿ ಮಾತಾಡಿಸಲೇಬೇಕೆಂದು, ಯಾವ ಬಂಡೆಯ ನೆರಳಿನಲ್ಲಿ ಅವನು ಹುಟ್ಟಿದ್ದನೋ ಅದರ ಬುಡದಲ್ಲಿ ಜೀಪು ನಿಲ್ಲಿಸಿದೆ. ನೆತ್ತಿಯಿಂದ ಬುಡದವರೆಗೆ ನೇರಳೆ ಪಟ್ಟೆಯ ಬಂಡೆ. ಅದರ ಹೆಸರು ಹಮ್ದಾಳ ನೆರಳು. ಹಮ್ದಾ ಅವನ ತಾಯಿ, ನನ್ನ ಅಜ್ಜಿ. ಮಾವನ ಪಕ್ಕದಲ್ಲಿ ಕೂತಿದ್ದ ಜರ್ಮನ್ ಹೆಂಗಸು ಬಂಡೆಯ ಹೆಸರು ಕೇಳಿದಳು.

"ಇದಾ? ಕೋಳಿ ಬಂಡೆ," ಅಂದೆ, ಕನ್ನಡಿಯಲ್ಲಿ ಮಾವನನ್ನೇ ನೋಡುತ್ತಾ.

ಅವಳು ಬರೆದುಕೊಂಡಳು. ಮಾವನ ಬಾಯಿ ತೆರೆಯಿತು, ಮುಚ್ಚಿತು.

"ಒಳ್ಳೆ ಹೆಸರು," ಅಂದ.