ಟೈರಿನ ಅಗಲ ಮತ್ತು ಒಡೆಯದ ನಿಂಬೆಹಣ್ಣು

ನನಗೆ ಸಂಶಯ ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು; ಆಮೇಲೆ ನೀವಾಗಿಯೇ ಕಂಡುಹಿಡಿದರೆ ನಿಮ್ಮ ಮೇಲೂ ನನಗೆ ಸಂಶಯ ಬರುತ್ತದೆ. ಆದರೆ ಇದು ನನ್ನ ಹುಟ್ಟುಗುಣವಲ್ಲ, ಮನೆಯವರು ಕೊಟ್ಟ ನೌಕರಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಅಕ್ಷರ ಕೂಡಿಸಿ ಓದಲು ಬಂದಾಗಿನಿಂದ ಬೀಜದ ಚೀಲ, ಔಷಧದ ಬಾಟಲಿ, ಲಗ್ನಪತ್ರಿಕೆ ಎಲ್ಲವೂ ನನ್ನ ಮುಂದೆ ಬಂದು ಬೀಳುತ್ತಿದ್ದವು. "ಓದಿ ನೋಡೋ ತಮ್ಮಾ, ಎಲ್ಲ್ಯರೆ ಮೋಸ ಅದ ಏನ್" ಎನ್ನುತ್ತಿದ್ದಳು ಅವ್ವ. ಲಗ್ನಪತ್ರಿಕೆಯಲ್ಲಿ ಎಂಥ ಮೋಸ? ಆದರೂ ಓದುತ್ತಿದ್ದೆ. ಹೀಗೆ ಮೋಸ ಹುಡುಕುತ್ತ ಹುಡುಕುತ್ತ ಬಿ.ಎಸ್ಸಿ. ಮುಗಿಸಿದೆ. ಪದವಿ ಬಂತು, ಸಂಶಯ ಹೋಗಲಿಲ್ಲ.

ಈಗ ನನ್ನದೊಂದು ಪಿಕಪ್ ಗಾಡಿ ಇದೆ. ಹೊಲಗಳಿಂದ ಹತ್ತಿ ಹೇರಿಕೊಂಡು ಬಂದು ಶಹಾಪುರದಲ್ಲಿ ಇಳಿಸುತ್ತೇನೆ. "ಬಿ.ಎಸ್ಸಿ. ಓದಿ ಗಾಡಿ ಹೊಡಿತಾನ ನೋಡು" ಎನ್ನುವವರಿದ್ದಾರೆ. ಹೌದು, ಹೊಡಿತೀನಿ, ಗಾಡಿ ನಂದೇ, ಡಿಗ್ರೀನೂ ನಂದೇ. ನನ್ನ ಚಿಂತೆ ಬೇರೆ. ಅರ್ಧ ದಾರಿ ಡಾಂಬರು, ಅರ್ಧ ದಾರಿ ಎರೆಮಣ್ಣು. ದಾರಿ ಎರಡು ನಮೂನೆ, ಟೈರು ಮಾತ್ರ ಒಂದೇ ನಮೂನೆ. ಹಾಗಾದರೆ ಅದು ಅಗಲ ಇರಬೇಕೋ, ಸಣ್ಣದಿರಬೇಕೋ?

ಇದು ಬರೀ ವಿಚಾರದ ಮಾತಲ್ಲ. ಹೋದ ವರ್ಷ ಮಹಿಬೂಬ ಮಾಮನ ಹೊಲದಲ್ಲಿ ನನ್ನ ಗಾಡಿ ಸಿಕ್ಕಿಕೊಂಡಿತು. ಮಾಮ ಅಂದರೆ ನಮ್ಮಪ್ಪನ ಗೆಳೆಯ; ಸುರಪುರದ ರಸ್ತೆಯಲ್ಲಿ ಹಳ್ಳದಾಚೆ ಅವನ ಹೊಲ. ಟ್ರ್ಯಾಕ್ಟರು ಬಂದು ಎಳೆಯುವುದರೊಳಗೆ ಮಳೆ ಹಿಡಿದು, ಬೆಳ್ಳಗಿನ ಹತ್ತಿಯೆಲ್ಲ ತೊಯ್ದ ಕೌದಿಯಂತಾಯಿತು. ಮಾಮ ಆಗ ಬೈಯಲಿಲ್ಲ. ಈ ವರ್ಷ ಹತ್ತಿ ಬಿಡಿಸುವ ಹೊತ್ತಿಗೆ ಮನೆಗೆ ಬಂದು, ನನ್ನ ಸವೆದ ಟೈರುಗಳನ್ನು ಒಂದು ಸುತ್ತು ನೋಡಿ, "ಈ ಸಲನೂ ಸಿಕ್ಕಿತಂದ್ರ ಮುಂದ ನಿನ್ನ ಕರಿಯಂಗಿಲ್ಲಪಾ. ಟ್ರ್ಯಾಕ್ಟರನ್ನೇ ಮೊದಲು ಕರೀತೀನಿ" ಎಂದ. ಮಾಮ ಬಿಟ್ಟರೆ ಹಳ್ಳದಾಚೆಯ ಹೊಲದವರೆಲ್ಲ ಬಿಟ್ಟಂತೆಯೇ. ಹೊಸ ಟೈರು ಹಾಕಿಸಲೇಬೇಕಾಯಿತು.

ಶಹಾಪುರದ ಟೈರಿನ ಅಂಗಡಿಯವನು ಅಗಲ ಟೈರುಗಳನ್ನು ಉರುಳಿಸಿಕೊಂಡು ಬಂದ. "ಇವು ಹಾಕ್ಸ್ರಿ ಸರ್, ಗಾಡಿ ಹುಲಿಯಂಗ ಕಾಣ್ತದ." ಹತ್ತಿ ತರಲು ಹುಲಿ ಯಾಕೆ ಬೇಕು? ನನಗೆ ಅಲ್ಲೇ ಸಂಶಯ. ಅಲ್ಲಿಂದಲೇ ಫೋನು ಮಾಡಿ ಕೇಳಿದರೆ ಯಾದಗಿರಿಯ ಗೆಳೆಯನೊಬ್ಬ ಸಣ್ಣ ಟೈರೇ ಒಳ್ಳೆಯದೆಂದ. ಅವನ ಹಿತ್ತಲಲ್ಲಿ ಮಾರಲಿಕ್ಕೆ ನಾಲ್ಕು ಹಳೆಯ ಸಣ್ಣ ಟೈರುಗಳಿದ್ದವು. ನಾನು ಅಂಗಡಿಯಲ್ಲಿ ಅದೋ ಇದೋ ಎಂದು ನಿಂತದ್ದನ್ನು ನೋಡಿ ಅಂಗಡಿಯವನು ಅಂದ: "ಹಾಕ್ಕೊಂಡ್ ಹೋಗಿ ನೋಡ್ರಿ ಸರ್. ಮನಸ್ಸಿಗಿ ಬರ್ಲಿಲ್ಲಂದ್ರ ನಾಳೆ ತಂದ್ಕೊಡ್ರಿ. ಕೆಸರು ಮಾತ್ರ ಹತ್ತಿಸಬ್ಯಾಡ್ರಿ." ಕೆಸರಿಗೆಂದೇ ತಂದ ಟೈರನ್ನು ಕೆಸರು ಹತ್ತಿಸದೆ ಪರೀಕ್ಷಿಸಬೇಕಂತೆ! ಈಜು ಕಲಿ, ನೀರಿಗೆ ಇಳಿಬೇಡ ಎಂದ ಹಾಗಾಯಿತು.

ಆದರೂ ನನ್ನ ಪದವಿ ಅಗಲದ ಕಡೆಗೇ ವಾಲಿತ್ತು. ಅಗಲ ಹೆಚ್ಚಾದಷ್ಟೂ ಭಾರ ಹಂಚಿಹೋಗುತ್ತದೆ, ಒತ್ತಡ ಕಡಿಮೆಯಾಗುತ್ತದೆ. ಮರಳಿನಲ್ಲಿ ಒಂಟೆ ನಡೆಯುವುದು ಈ ಲೆಕ್ಕದಿಂದಲೇ. ಆದರೆ ನಮ್ಮ ಹಳ್ಳದ ಕೆಸರಿನಲ್ಲಿ ಚೂಪು ಗೊರಸಿನ ಆಡು ಪಟಪಟನೆ ದಾಟಿಹೋಗುತ್ತದಲ್ಲ, ಅದು ಯಾವ ಲೆಕ್ಕ? ಈ ಪ್ರಶ್ನೆ ಪರೀಕ್ಷೆಯಲ್ಲಿ ಬಂದಿರಲಿಲ್ಲ, ಹಾಗಾಗಿ ನಾನೂ ಬಿಟ್ಟುಬಿಟ್ಟೆ.

ಅಗಲ ಟೈರನ್ನೇ ಹಾಕಿಸಿಕೊಂಡು ಮನೆಗೆ ಬಂದರೆ ಅವ್ವ ನಾಲ್ಕು ನಿಂಬೆಹಣ್ಣು ಹಿಡಿದು ನಿಂತಿದ್ದಳು. ಹೊಸ ಟೈರಿನ ಕೆಳಗೆ ನಿಂಬೆಹಣ್ಣು ಒಡೆಯದೆ ನಮ್ಮಲ್ಲಿ ಗಾಡಿ ಹೊಸಿಲು ದಾಟುವುದಿಲ್ಲ. ಹಿಂದಿನ ದಿನದ ಮಳೆಗೆ ಅಂಗಳ ಹದವಾಗಿ ನೆನೆದಿತ್ತು. ಗಾಡಿ ಮುಂದೆ ತಗೊಂಡೆ. ಇಳಿದು ನೋಡಿದರೆ ನಾಲ್ಕೂ ಹಣ್ಣು ಮೆತ್ತನೆಯ ಮಣ್ಣಿನಲ್ಲಿ ತೊಟ್ಟಿಲ ಕೂಸಿನಂತೆ ಮಲಗಿದ್ದವು. ಒಂದೂ ಒಡೆದಿರಲಿಲ್ಲ.

"ಹಾಳಾಗಿ ಹೋಗ್ಲಿ, ಇದೆಂಥಾ ಟೈರೋ?" ಎಂದಳು ಅವ್ವ.

"ಒತ್ತಡ ಕಮ್ಮಿ ಆದಂಗಾತವ್ವಾ. ಅದೇ ಛಲೋದು."

"ನಿಂಬಿಹಣ್ಣಿಗಿ ಅಂಜೋ ಟೈರು ನಿನಗ ಛಲೋದು!"

ಅಪಶಕುನ ಎಂದು ಹಟ ಹಿಡಿದು, ಅವೇ ಹಣ್ಣುಗಳನ್ನು ತೊಳೆದು ಬಾಗಿಲ ಮುಂದಿನ ಹಾಸುಗಲ್ಲಿನ ಮೇಲೆ ಇಡಿಸಿದಳು. ಗಾಡಿ ಹಾಯಿಸಿದೆ. ಚಟಚಟ ಒಡೆದವು, ಅವಳ ಕಣ್ಣಿಗೂ ರಸ ಸಿಡಿಯಿತು. ಆಕೆ ಕಣ್ಣು ಒರೆಸಿಕೊಳ್ಳುತ್ತ ಸಮಾಧಾನಗೊಂಡಳು, ನನ್ನ ಸಮಾಧಾನ ಹೋಯಿತು. ಅದೇ ಟೈರು, ಅದೇ ಹಣ್ಣು. ಬದಲಾದದ್ದು ಕೆಳಗಿನ ನೆಲ ಒಂದೇ. ನಾನು ಅಂಗಡಿಯವನನ್ನು ಕೇಳಿದ್ದೆ, ಗೆಳೆಯನನ್ನು ಕೇಳಿದ್ದೆ, ಪುಸ್ತಕವನ್ನೂ ಕೇಳಿದ್ದೆ. ಗಾಡಿ ನಡೆಯಬೇಕಾದ ನೆಲವನ್ನು ಮಾತ್ರ ಕೇಳಿರಲಿಲ್ಲ.

ಗಾಡಿ ಮನೆಯಲ್ಲೇ ಬಿಟ್ಟು, ಹಾರೆ ತಗೊಂಡು ಮಾಮನ ಹೊಲದ ದಾರಿಗೆ ಹೋದೆ. ಅಲ್ಲಲ್ಲಿ ಚುಚ್ಚಿದೆ. ಮೇಲೆ ಒಂದು ಗೇಣು ಎರೆಕೆಸರು, ಕೆಳಗೆ ಟಣ್ ಎನ್ನುವ ಗರಸು, ಕಲ್ಲಿನಂಥ ಗಟ್ಟಿ ಮಣ್ಣು. ಕೆಸರಿಗೆ ತಳವೇ ಇಲ್ಲದಿದ್ದರೆ ಅಗಲ ಟೈರು ಮೇಲೆ ತೇಲಬೇಕು. ತಳ ಹತ್ತಿರವೇ ಇದ್ದರೆ ತೇಲುವುದೇಕೆ? ಕೆಸರು ಸೀಳಿ ಕೆಳಗಿಳಿದು ಗಟ್ಟಿಯನ್ನು ಹಿಡಿದರಾಯಿತು, ಆಡಿನ ಹಾಗೆ. ಅಗಲ ಟೈರಿಗೆ ಎರೆಮಣ್ಣು ರೊಟ್ಟಿಯಂತೆ ಹತ್ತಿ ಮಡ್‌ಗಾರ್ಡಿಗೂ ತುಂಬಿಕೊಳ್ಳುತ್ತದೆ. ಡಾಂಬರಿನ ಮೇಲೆ ಸ್ಟಿಯರಿಂಗು ಭಾರ, ಡೀಸೆಲ್ಲೂ ಹೆಚ್ಚು. ಸುರಪುರದ ಬಸ್ಸಿನಲ್ಲಿ ದಪ್ಪ ಆಸಾಮಿಯ ಪಕ್ಕ ಕೂತವರಿಗೆ ಅಗಲದ ಕಷ್ಟವನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಹೋದ ವರ್ಷ ಸಿಕ್ಕಿದ್ದು ಟೈರು ಸಣ್ಣದೆಂದಲ್ಲ, ಅದರ ಹಲ್ಲು ಸವೆದದ್ದಕ್ಕೆ.

ಮರುದಿನ ಅಗಲ ಟೈರುಗಳನ್ನು ತೊಳೆದು ಅಂಗಡಿಗೆ ಒಯ್ದೆ. ಈಗ ಸಂಶಯಪಡುವ ಸರದಿ ಅವನದು. ಗೆರೆಗೆರೆಯಲ್ಲೂ ಬೆರಳಾಡಿಸಿ, ಏನೋ ಹೆಕ್ಕಿ ತೆಗೆದು ನನ್ನ ಮೂಗಿನ ಮುಂದೆ ಹಿಡಿದ. "ಇದೇನ್ರಿ ಸರ್?"

"ನಿಂಬಿ ಬೀಜ. ನೀವು ಹೇಳಿದ್ದು ಕೆಸರು ಹತ್ತಿಸಬ್ಯಾಡ್ರಿ ಅಂತ ಅಷ್ಟೇ ಅಲ್ಲೇನ್ರಿ?"

ಅವನು ಬೀಜ ನೋಡಿದ, ನನ್ನನ್ನು ನೋಡಿದ, ನಕ್ಕುಬಿಟ್ಟ. "ಹೋಗ್ಲಿ ಬಿಡ್ರಿ. ಮುಂದ ಕೊಂಡವರಿಗಿ ಪೂಜಿ ಮಾಡಿದ ಟೈರಂತ ಹೇಳ್ತೀನಿ." ಕಂಪನಿಯವರು ಗಾಡಿಗೆ ಮೊದಲು ಕೊಟ್ಟಿದ್ದ ಸಣ್ಣ ಅಳತೆಯದ್ದೇ, ಆಳ ಹಲ್ಲಿನ ಟೈರು ಹಾಕಿಸಿಕೊಂಡು ಬಂದೆ.

ಹತ್ತಿ ಹೇರುವ ದಿನ ಮತ್ತೆ ಮೋಡ. ಮಾಮ ಹೆಗಲಿಗೆ ದಪ್ಪ ಹಗ್ಗ ಹಾಕಿಕೊಂಡು ಗಾಡಿಯ ಹಿಂದೆಯೇ ನಡೆದು ಬಂದ. ಕನ್ನಡಿಯಲ್ಲಿ ಕೆಸರಿಗಿಂತ ನನಗೆ ಆ ಹಗ್ಗವೇ ದೊಡ್ಡದಾಗಿ ಕಾಣುತ್ತಿತ್ತು. ಹಳ್ಳದ ಏರಿನಲ್ಲಿ ಹಿಂದಿನ ಗಾಲಿ ಒಂದು ಸಲ ಜಾರಿತು. ಮಾಮ ಹಗ್ಗಕ್ಕೆ ಕೈ ಹಾಕಿದ. ಗಾಲಿ ಕೆಳಗಿಳಿಯಿತು, ಇನ್ನೂ ಇಳಿಯಿತು, ಗರಸು ಹಿಡಿಯಿತು; ಗಾಡಿ ಗುರ್ ಎಂದು ಡಾಂಬರು ಹತ್ತಿತು. ಹತ್ತಿಯ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.

ಮಾಮ ಏದುಸಿರು ಬಿಡುತ್ತ ಬಂದು, ಹಗ್ಗ ಸುತ್ತಿ ನನ್ನ ಸೀಟಿನ ಹಿಂದೆ ತುರುಕಿದ.

"ಇನ್ನೂ ನಂಬಿಕಿ ಬರ್ಲಿಲ್ಲೇನ್ ಮಾಮಾ?"

"ಬಂತಂತ್ಲೇ ನಿನ್ನ ಕೈಯಾಗ ಕೊಡ್ಲಾಕತ್ತೀನಲ್ಲೋ. ಇಲ್ದಿದ್ರ ನಾನೇ ಹೆಗಲಿಗಿ ಹಾಕ್ಕೊಂಡು ಪ್ರತಿಸಲ ನಿನ್ನ ಹಿಂದ ಬರ್ತಿದ್ದೆ. ನಾಡಿದ್ದು ಉಳಿದ ಹತ್ತಿ ಅದ, ಜಲ್ದಿ ಬಾ."

ಆ ಹಗ್ಗ ಇವತ್ತಿಗೂ ಅಲ್ಲೇ ಇದೆ. ಒಮ್ಮೆಯೂ ಬಿಚ್ಚುವ ಪ್ರಸಂಗ ಬಂದಿಲ್ಲ. ಆದರೂ ಆಗಾಗ ಹೊರಗೆ ತೆಗೆದು, ಎರಡೂ ಕೈಯಲ್ಲಿ ಜಗ್ಗಿ, ಗಟ್ಟಿ ಇದೆಯೋ ಇಲ್ಲವೋ ನೋಡಿ ಇಡುತ್ತೇನೆ. ಮಾಮನ ಮೇಲೆ ಸಂಶಯವೇನಿಲ್ಲ. ಹಗ್ಗದ ಮೇಲೆ.