ಪಡುವಣ ಬಾಗಿಲ ಮೆಟ್ಟಿಲು

ಪಾಲಹಳ್ಳಿಯಲ್ಲಿ ಹಳೇ ಮನೆ ರಿಪೇರಿ ಮಾಡಿಸುವವರು ಇಂಜಿನಿಯರನ್ನು ಕೇಳುವ ಮುಂಚೆ ಪುಟ್ಟಗೌರಮ್ಮನನ್ನು ಕೇಳುತ್ತಾರೆ. ಆಕೆ ಓದಿದ್ದು ನಾಲ್ಕನೇ ಕ್ಲಾಸು. ಆದರೆ ಯಾರ ಗೃಹಪ್ರವೇಶಕ್ಕೆ ಹೋದರೂ ಊಟಕ್ಕೆ ಕೂರುವ ಮೊದಲು ಅಡುಗೆಮನೆ, ಬಚ್ಚಲು, ನೀರು ಹರಿದುಹೋಗುವ ದಾರಿ ನೋಡಿಬರುತ್ತಾಳೆ. ಬಚ್ಚಲಿಗೆ ನುಣ್ಣನೆಯ ಟೈಲ್ಸ್ ಹಾಕಿಸಿದವರಿಗೆ, ‘ಸೊಂಟ ಮುರ್ಕಳಕ್ಕೆ ಆರ್ಸಿ ಆರ್ಸಿ ತಂದಿದ್ದೀರಲ್ಲಾ’ ಎಂದು ಮುಖದ ಮೇಲೇ ಹೇಳುತ್ತಾಳೆ.

ಆಕೆಗೆ ಹೆಸರು ತಂದದ್ದು ಮುದ್ದೆ ಒಲೆ. ಪೇಟೆಯ ಮನೆ ನೋಡಿ ಎಲ್ಲರೂ ಎತ್ತರದ ಕಟ್ಟೆ ಕಟ್ಟಿಸಿ ಗ್ರಾನೈಟ್ ಹಾಸಿದರು. ಅದರ ಮೇಲೆ ಒಲೆ, ಒಲೆಯ ಮೇಲೆ ಪಾತ್ರೆ. ಹತ್ತು ಜನರ ಹಿಟ್ಟು ತೊಳಸಲು ಕೋಲು ಹಿಡಿದರೆ ಹೆಂಗಸರ ಕೈ ಭುಜದ ಮಟ್ಟಕ್ಕೆ ಏರುತ್ತದೆ, ಬಲ ಬೀಳುವುದಿಲ್ಲ, ಮುದ್ದೆ ಗಂಟುಗಂಟು. ‘ಒಂದ್ ಮೂಲೇಲಿ ಮೊಣಕಾಲುದ್ದದ ಕಟ್ಟೆ ಕಟ್ಸಿ, ಅಲ್ಲೊಂದು ಒಲೆ ಇರ್ಲಿ’ ಎಂದಳು. ಈಗ ಊರಿನ ಎಷ್ಟೋ ಅಡುಗೆಮನೆಗಳಲ್ಲಿ ಆ ಗಿಡ್ಡ ಕಟ್ಟೆ ಇದೆ.

ಇಷ್ಟು ತಿಳಿದವಳು ತನ್ನ ಮನೆಯ ವಿಷಯದಲ್ಲಿ ಮಾತ್ರ ಬೇರೆಯವರ ಮಾತು ಕೇಳಿ ಕೆಟ್ಟಳು.

ಆಕೆಯ ಮನೆ ಬಾಗಿಲು ಪಡುವಣಕ್ಕೆ, ಬೀದಿಗೆ ತೆರೆಯುತ್ತಿತ್ತು. ಮುಂದೆ ಮೂರು ಕಲ್ಲಿನ ಮೆಟ್ಟಿಲು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವ ಮಾಯಮ್ಮ ಮೂವತ್ತು ವರ್ಷ ಆ ನಡುಮೆಟ್ಟಿಲ ಮೇಲೆ ಕೂತವಳು. ಪಕ್ಕದಲ್ಲಿ ಪುಟ್ಟಗೌರಮ್ಮ. ಇಬ್ಬರೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು. ಒಂದೊಂದು ಲೋಟ ಕಾಫಿ ಕುಡಿದು ಮುಗಿಯುವವರೆಗೆ ಅತ್ತೆಯರನ್ನು ಬೈಯುತ್ತಿದ್ದರು. ಅತ್ತೆಯರು ಸತ್ತ ಮೇಲೆ ಗಂಡಂದಿರನ್ನು. ಯಾರ ಮನೆ ತಾರಸಿ ಸೋರುತ್ತದೆ ಎಂಬ ಸುದ್ದಿ ಮಾಯಮ್ಮ ತರುತ್ತಿದ್ದಳು, ಯಾಕೆ ಸೋರುತ್ತದೆ ಎಂದು ಪುಟ್ಟಗೌರಮ್ಮ ಹೇಳುತ್ತಿದ್ದಳು. ರೈತಸಂಘದವರ ಜೊತೆ ಕಬ್ಬಿನ ಬೆಲೆಗಾಗಿ ರಸ್ತೆ ತಡೆದು ಲಾಠಿ ತಿಂದು ಬಂದ ದಿನ, ಅದೇ ಬೀದಿಯವನಾದ ನಾನೂ ಅಲ್ಲೇ ಬಿದ್ದುಕೊಂಡಿದ್ದೆ. ಇಬ್ಬರೂ ಸೇರಿ ಬೆನ್ನಿಗೆ ಬಿಸಿ ಉಪ್ಪಿನ ಗಂಟು ಒತ್ತಿ, ಬೈದು, ಎಬ್ಬಿಸಿ ಕಳಿಸಿದ್ದರು.

ಪುಟ್ಟಗೌರಮ್ಮನ ಮಗ ದಿಲೀಪನಿಗೆ ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗಿರಲಿಲ್ಲ. ಆಗಲೇ ಮನೆ ರಿಪೇರಿಗೆ ಕೈ ಹಾಕಿದ್ದು. ಹೊಸ ಮನೆ ಕಟ್ಟಿಸಿದವರೆಲ್ಲ ಸಲಹೆ ಹೊತ್ತು ಬಂದರು. ಒಬ್ಬ ಸೀಲಿಂಗಿಗೆ ಪಿಒಪಿ ಮಾಡಿಸಿ ಎಂದ, ಇನ್ನೊಬ್ಬ ಹಸಿರು ಬಣ್ಣ ಬೇಡವೇ ಬೇಡ ಎಂದ. ಬಾಬುರಾಯನಕೊಪ್ಪಲಿನಲ್ಲಿ ಮನೆ ಕಟ್ಟಿಸಿದ್ದ ಪುಟ್ಟಗೌರಮ್ಮನ ಅಣ್ಣನ ಮಗ ಕೃಷ್ಣ ಟೇಪು ಹಿಡಿದು ಮನೆ ಸುತ್ತ ತಿರುಗಿ ಬಂದು ಕೂತ.

‘ಪಡುವಣದ ಬಾಗ್ಲು ಕಣತ್ತೆ, ಅದ್ಕೇ ತೊಟ್ಲು ಕಟ್ಟಾಕಾಯ್ತಾ ಇಲ್ಲ. ವಾಸ್ತು ಸರಿ ಇಲ್ಲ. ಮೂಡ್ಲಿಗೆ ತಿರುಗ್ಸಿ.’

ಮೂಡಲಿಗೆ ಇರುವುದು ಹಿತ್ತಲು, ತಿಪ್ಪೆ, ಅದರಾಚೆ ನಾಲೆ. ಬೀದಿಯಿಂದ ಅಲ್ಲಿಗೆ ಒಂದಾಳು ನುಸುಳುವ ಸಂದಿ.

ಬಾಗಿಲ ಚೌಕಟ್ಟು ಕೀಳಲು ಬಂದ ಆಚಾರಿ ಲಕ್ಷ್ಮಣ, ‘ಅಕ್ಕಾ, ಬೀದಿ ಈ ಕಡೆ ಅದೆ. ಬಾಗ್ಲು ಆ ಕಡೆ ಇಟ್ರೆ ಬರೋರು ಎತ್ಲಾಗಿಂದ ಬಂದಾರು?’ ಎಂದು ಕೇಳಿದ. ಪುಟ್ಟಗೌರಮ್ಮ ಸೊಸೆ ಅರ್ಪಿತಳ ಮುಖ ನೋಡಿದಳು. ‘ಕೀಳಪ್ಪ’ ಎಂದಳು.

ಬೀದಿಯ ಕಡೆಗೆ ಗೋಡೆ ಎದ್ದಿತು. ಮೆಟ್ಟಿಲಿನ ಎರಡು ಕಲ್ಲು ಹೊಸ ಬಾಗಿಲ ತಳಪಾಯಕ್ಕೆ ಹೋದವು. ಒಂದು ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಾಯಿತು.

ಐದು ತಿಂಗಳಿಗೆ ಅರ್ಪಿತ ಬಸುರಾದಳು. ಎರಡು ವರ್ಷದಿಂದ ಮೈಸೂರಿಗೆ ಅಲೆದು ಔಷಧಿ ತೆಗೆದುಕೊಂಡದ್ದು ಯಾರ ನೆನಪಿಗೂ ಬರಲಿಲ್ಲ. ಬಾಗಿಲಿಂದ ಯಾರೂ ಬಸುರಾಗುವುದಿಲ್ಲ ಎಂದೆ ನಾನು. ಪುಟ್ಟಗೌರಮ್ಮನ ಗಂಡ ಚಿಕ್ಕಸ್ವಾಮಿ, ‘ನೀ ಸುಮ್ಕಿರ್ಲಾ, ಧಿಕ್ಕಾರ ಕೂಗಿ ಕೂಗಿ ನಿನ್ ತಲೆ ಕೆಟ್ಟದೆ’ ಎಂದ. ಆ ವರ್ಷ ಊರಲ್ಲಿ ಇನ್ನೆರಡು ಮನೆಯ ಬಾಗಿಲು ತಿರುಗಿದವು.

ಮಾಯಮ್ಮ ಮೊದಮೊದಲು ಸಂದಿಯಲ್ಲಿ ನುಗ್ಗಿ, ತಿಪ್ಪೆ ಬಳಸಿ ಬಂದಳು. ಆಮೇಲೆ ಮಂಡಿನೋವು ಎಂದಳು. ಆಮೇಲೆ ಬರಲಿಲ್ಲ. ಜಗಳವಿಲ್ಲ, ಮುನಿಸಿಲ್ಲ. ಹೋಗುವ ದಾರಿಯಲ್ಲಿ ಬಾಗಿಲಿರಲಿಲ್ಲ, ಅಷ್ಟೇ.

ದಿನಾ ಬೆಳಿಗ್ಗೆ ಪುಟ್ಟಗೌರಮ್ಮ ಗೋಡೆಯ ಒಳಗೆ ನಿಂತು ಕೇಳುತ್ತಿದ್ದಳು. ಮಾಯಮ್ಮನ ಖಾಲಿ ಹಾಲಿನ ಕ್ಯಾನಿಗೆ ಮುಚ್ಚಳ ಬಡಿಯುವ ಸದ್ದು ಬರುತ್ತಿತ್ತು, ಗೋಡೆಯುದ್ದಕ್ಕೂ ನಡೆಯುತ್ತಿತ್ತು, ಹೋಗಿಬಿಡುತ್ತಿತ್ತು. ಎರಡು ಲೋಟ ಕಾಫಿ ಬೆರೆಸುವ ಕೈ ಅಭ್ಯಾಸ ಬಿಡಲಿಲ್ಲ. ಎರಡನೆಯದನ್ನು ಆರಿದ ಮೇಲೆ ತಾನೇ ಕುಡಿಯುತ್ತಿದ್ದಳು. ಬಾಗಿಲು ಮೊದಲಿನಂತೆ ಇಡಿಸಿ ಎನ್ನಲು ಬಾಯಿ ಬರಲಿಲ್ಲ. ಮೊಮ್ಮಗಳು ತೊಟ್ಟಿಲಲ್ಲಿದ್ದಳು. ಬಾಗಿಲು ತಪ್ಪು ಎಂದರೆ ಮಗು ತಪ್ಪು ಎಂದಂತೆ.

ಕೊನೆಗೆ ನಡುಮನೆಗೆ ಗಾಳಿ ಸಾಲದೆಂದು ಸುಳ್ಳು ಹೇಳಿ ಬೀದಿ ಗೋಡೆಯಲ್ಲಿ ಒಂದು ಕಿಟಕಿ ಒಡೆಸಿದಳು. ಕಳ್ಳರ ಭಯಕ್ಕೆ ಗ್ರಿಲ್ಲಿನ ಸರಳು ಒತ್ತೊತ್ತಾಗಿರಲಿ ಎಂದವನು ಮತ್ತೆ ಅದೇ ಕೃಷ್ಣ. ಲಕ್ಷ್ಮಣ ಕಿಟಕಿ ಕೂರಿಸಿದ ಮರುದಿನ ಆಕೆ ಲೋಟ ಹಿಡಿದು ಕಾದಳು. ಕ್ಯಾನಿನ ಸದ್ದು ಬಂತು.

‘ಅಮ್ಮಿ, ಮಾಯಿ!’

ಮಾಯಮ್ಮ ನಿಂತು ನೋಡಿದಳು. ‘ಇದೇನಮ್ಮಿ, ಜೈಲ್ಗಾಕವ್ರಾ ನಿನ್ನ?’

‘ಊಂ ಕಣೆ, ಅಜ್ಜಿ ಆದ ತಪ್ಪಿಗೆ. ತಕೋ, ಕಾಫಿ ಕುಡಿ.’

ಲೋಟ ಸರಳುಗಳ ನಡುವೆ ಹಿಡಿಸಲಿಲ್ಲ. ಓರೆ ಮಾಡಿದಳು, ಮೇಲಿನ ಸಂದಿಯಲ್ಲಿ ನೋಡಿದಳು. ಅರ್ಧ ಕಾಫಿ ಕಿಟಕಿಯ ತಳಕ್ಕೆ ಹಾಸಿದ ಹೊಸ ಗ್ರಾನೈಟಿನ ಮೇಲೆ ಚೆಲ್ಲಿತು.

‘ಊರೋರ ಕಟ್ಟೆನೆಲ್ಲಾ ಅಳ್ದೋಳು, ಒಂದ್ ಲೋಟ ಅಳಿಯಾಕಾಗ್ನಿಲ್ವಾ ನಿಂಗೆ?’ ಮಾಯಮ್ಮ ನಕ್ಕಳು. ಕೂರಲು ಎಡಬಲ ನೋಡಿದಳು. ಏನೂ ಇರಲಿಲ್ಲ. ಒಂದು ಕಾಲಿನ ಮೇಲೆ ಭಾರ ಹಾಕಿ ತುಸು ಹೊತ್ತು ನಿಂತು, ‘ಮಂಡಿ ತಡಿಯಾಕಿಲ್ಲ ಕಣಮ್ಮಿ, ಬತ್ತೀನಿ’ ಎಂದು ಹೊರಟಳು.

ಅದೇ ದಿನ ಪುಟ್ಟಗೌರಮ್ಮ ನನ್ನನ್ನು ಕರೆಸಿದಳು. ನಾನೂ ಚಿಕ್ಕಸ್ವಾಮಿಯೂ ಹಾರೆ ಹಾಕಿ ಒಗೆಯುವ ಕಲ್ಲನ್ನು ಸಂದಿಯೊಳಗಿಂದ ಬೀದಿಗೆ ಹೊರಳಿಸಿ ಕಿಟಕಿಯ ಕೆಳಗೆ ಇಟ್ಟೆವು.

‘ಬಾಗ್ಲೇ ಇಲ್ದಿರೋ ಗೋಡೆಗೆ ಮೆಟ್ಲು ಯಾಕ್ ಅಂತ ಜನ ಕೇಳಕಿಲ್ವಾ?’ ಎಂದ ಚಿಕ್ಕಸ್ವಾಮಿ.

‘ಕೇಳ್ದೋರ್ಗೆ ವಾಸ್ತು ಅನ್ನು’ ಎಂದಳು.

ಒಂದು ಸರಳು ಕತ್ತರಿಸಿಕೊಡಲು ವೆಲ್ಡಿಂಗಿನವನಿಗೆ ಹೇಳಿ ಕಳಿಸಿದ್ದಾಳೆ. ಅವನಿನ್ನೂ ಬಂದಿಲ್ಲ. ಮಾಯಮ್ಮ ಬರುತ್ತಾಳೆ, ಕಲ್ಲಿನ ಮೇಲೆ ಕೂರುತ್ತಾಳೆ. ಕೂತರೆ ಮುಖ ಕಾಣುವುದಿಲ್ಲ. ಪುಟ್ಟಗೌರಮ್ಮ ಗ್ರಿಲ್ಲಿಗೆ ಹಣೆ ಒತ್ತಿ ಕೆಳಗೆ ನೋಡುತ್ತಾ ಮಾತಾಡುತ್ತಾಳೆ. ಮೂವತ್ತು ವರ್ಷ ಪಕ್ಕದಲ್ಲೇ ಕೂತಿದ್ದವಳ ನೆತ್ತಿ ಇಷ್ಟು ಬೆಳ್ಳಗಾಗಿದೆ ಎಂದು ಆಕೆಗೆ ಈಗ ಗೊತ್ತಾಗಿದೆ.